ಟೀವಿಗೆ ಹಾಕಿದ ಬೀಗ

ಪಾಸ್‌ವರ್ಡಿನ ಹದಿನಾಲ್ಕು ಅಕ್ಷರಗಳನ್ನು ನುರ್ಹಾಯಿದಾ ಆ ವಾರ ಎಷ್ಟು ಸಲ ಒತ್ತಿದಳೋ ಅವಳಿಗೇ ಗೊತ್ತಿರಲಿಲ್ಲ. ರಿಮೋಟಿನ ಬಾಣದ ಗುಂಡಿ ಹಿಡಿದು ಒಂದೊಂದೇ ಅಕ್ಷರದ ಮೇಲೆ ಹೋಗಿ ನಿಲ್ಲಬೇಕು, ಒತ್ತಬೇಕು, ಮತ್ತೆ ಮುಂದಿನದನ್ನು ಹುಡುಕಬೇಕು. ಒಂದು ತಪ್ಪಿದರೆ ಮೊದಲಿನಿಂದ. ಅಷ್ಟೆಲ್ಲ ಆದ ಮೇಲೆ ಟೀವಿ ಸ್ವಲ್ಪ ಹೊತ್ತು ಚಕ್ರ ತಿರುಗಿಸಿ, ಸಂಪರ್ಕ ಸಾಧ್ಯವಾಗಲಿಲ್ಲ ಎಂದು ಬರೆದು ತೋರಿಸುತ್ತಿತ್ತು. ಬೈಯೋಣವೆಂದರೆ ಅದಕ್ಕೆ ಕಿವಿ ಇಲ್ಲ.

ಟೀವಿ ಅವಳ ಸ್ವಂತ ದುಡಿಮೆಯದು. ಪಾರೆಪಾರೆ ಊರಿನ ಬಂದರಿನ ಹಿಂದಿನ ಓಣಿಯಲ್ಲಿ ನುರ್ಹಾಯಿದಾಳ ಬರೋಂಕೋ ಎಂದರೆ ಮದುವೆ ಮನೆಯವರು ತಿಂಗಳ ಮೊದಲೇ ಬಂದು ಹೇಳಿಟ್ಟು ಹೋಗುತ್ತಿದ್ದರು. ಬಾಳೆಹಣ್ಣು ನುಣ್ಣಗೆ ಹಿಸುಕಿ, ಮೊಟ್ಟೆ, ತೆಂಗಿನ ಹಾಲು ಬೆರೆಸಿ, ಎಲೆಯಲ್ಲಿ ಮಡಚಿ ಹಬೆಗೆ ಇಡುವ ಕೆಲಸ. ಈ ಸಲದ ಉಪವಾಸದ ತಿಂಗಳಿಡೀ ಅವಳ ಒಲೆ ಆರಿರಲಿಲ್ಲ. ಹಬ್ಬ ಮುಗಿದದ್ದೇ ಹೋಗಿ ಟೀವಿ ತಂದಳು. ತಂದದ್ದು ಒಂದೇ ಕಾರಣಕ್ಕೆ: ಮಗಳು ತೆನ್ರಿ ಆಡುವುದನ್ನು ನೋಡಬೇಕಿತ್ತು.

ತೆನ್ರಿ ಸೆಪಕ್ ತಕ್ರಾ ಆಟಗಾರ್ತಿ. ಬೆತ್ತದ ಹೆಣಿಗೆಯಂಥ ಚೆಂಡನ್ನು ಕೈ ತಾಗಿಸದೆ ಕಾಲಲ್ಲೇ ಬಲೆಯ ಆಚೆಗೆ ಒದೆಯುವ ಆಟ. ಓಣಿಯ ಗಂಡುಹುಡುಗರೊಂದಿಗೆ ಆಡಿ ಕಲಿತವಳು, ಈಗ ಪ್ರಾಂತ್ಯದ ತಂಡದಲ್ಲಿ ಬಲೆಯ ಮುಂದೆ ಗಾಳಿಯಲ್ಲಿ ಮಗುಚಿ ಹೊಡೆಯುವವಳು. ಎರಡು ವರ್ಷದ ಹಿಂದೆ ಶಿಕ್ಷಕಿಯರ ಕಾಲೇಜನ್ನು ಅರ್ಧಕ್ಕೇ ಬಿಟ್ಟು ಮಕಸ್ಸಾರ್ ನಗರದ ತರಬೇತಿ ಶಿಬಿರಕ್ಕೆ ಹೋದಳು. ಅಂದು ಅವಳಪ್ಪ ಕಮರುದ್ದೀನ್ ತನ್ನ ಅಣ್ಣಂದಿರ ಮುಂದೆ, ಓಣಿಯ ಅರ್ಧ ಜನ ಕೇಳುವ ಹಾಗೆ, "ತುಂಡು ಚಡ್ಡಿ ಹಾಕ್ಕೊಂಡು ಊರೆದುರು ಕಾಲೆತ್ತೋಳ ಮುಖ ಇನ್ನು ನನ್ನ ಮನೇಲಿ ಕಾಣಕೂಡದು" ಎಂದಿದ್ದ. ಆಮೇಲೆ ಅವಳ ಹೆಸರು ಎತ್ತಿರಲಿಲ್ಲ. ನುರ್ಹಾಯಿದಾ ಮಗಳೊಂದಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಫೋನಲ್ಲಿ ಮಾತಾಡುತ್ತಿದ್ದಳು. ಆ ಫೋನೂ ಹಳೆಯದು; ಮಾತಿಗಾದರೆ ಸರಿ, ಚಿತ್ರ ಓಡಿಸಿದರೆ ಬಿಸಿಯಾಗಿ ಸತ್ತುಹೋಗುತ್ತಿತ್ತು.

ಆ ವಾರವಿಡೀ ದೂರದ ಪಾಲೆಂಬಾಂಗ್ ನಗರದಲ್ಲಿ ತೆನ್ರಿಯ ತಂಡದ ಪಂದ್ಯಗಳು. ತೋರಿಸುವುದು ಇಂಟರ್ನೆಟ್ಟಿನಲ್ಲಿ ಮಾತ್ರ. ಸೋಮವಾರ ಅಂಗಡಿಯವನು ಬಂದು ಟೀವಿ ಗೋಡೆಗೆ ಹಾಕಿ, ಮನೆಯ ವೈಫೈಗೆ ಸೇರಿಸಿಕೊಟ್ಟ. ಅವತ್ತು ಸಂಜೆ ನುರ್ಹಾಯಿದಾ ಮಗಳು ಆಡುವುದನ್ನು ಎರಡು ವರ್ಷದಲ್ಲಿ ಮೊದಲ ಸಲ ಕಂಡಳು. ಕೂದಲು ಗಿಡ್ಡವಾಗಿತ್ತು. ತೋಳು ಗಟ್ಟಿಯಾಗಿತ್ತು. ಕಮರುದ್ದೀನ್ ಕೆಲಸದಿಂದ ಬಂದವನು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಏನೂ ಅನ್ನದೆ ಒಳಗೆ ಹೋದ. ಬೈಯಲಿಲ್ಲವಲ್ಲ, ಮನಸ್ಸು ಕರಗಿತೇನೋ ಎಂದು ಅವಳು ರಾತ್ರಿ ಅವನ ತಟ್ಟೆಗೆ ಮೀನಿನ ತಲೆಭಾಗವನ್ನೇ ಹಾಕಿದ್ದಳು.

ಮಂಗಳವಾರದಿಂದ ಟೀವಿ ವೈಫೈ ಹಿಡಿಯಲಿಲ್ಲ.

"ಪಾಸ್‌ವರ್ಡ್ ತಪ್ಪು ಒತ್ತಿರ್ತೀಯ" ಎಂದ ಕಮರುದ್ದೀನ್. ಬಂದರಿನ ಸರಕು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ಮನೆಯ ಇಂಟರ್ನೆಟ್ಟೂ ಅವನ ಹೆಸರಲ್ಲೇ ಇತ್ತು. ಅವಳು ಬೇಡಿಕೊಂಡದ್ದಕ್ಕೆ ರಿಮೋಟ್ ಇಸಿದುಕೊಂಡು ಅರ್ಧ ಗಂಟೆ ಕೂತು ಒತ್ತಿದ. ಎದ್ದು ಹೋಗಿ ವೈಫೈ ಪೆಟ್ಟಿಗೆಯ ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಕೊನೆಗೆ ತಲೆ ಅಲ್ಲಾಡಿಸಿ, "ಟೀವಿನೇ ಸರಿಯಿಲ್ಲ. ಕೇಳ್ದೆ ಮಾಡ್ದೆ ತಂದ್ರೆ ಹೀಗೇ ಆಗೋದು. ಇದೆಲ್ಲ ನಿನಗೆ ಬರೋ ವಿದ್ಯೆ ಅಲ್ಲ ಬಿಡು" ಎಂದ.

ಬುಧವಾರ ಅವಳು ಟೀವಿಯನ್ನು ಹೊದಿಕೆಯಲ್ಲಿ ಸುತ್ತಿ, ಮೋಟಾರು ಗಾಡಿಯಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಅಂಗಡಿಗೆ ಹೋದಳು. ಅಲ್ಲಿ ಅದು ಮೊದಲ ಸಲಕ್ಕೇ ಹಿಡಿಯಿತು. ಅಂಗಡಿಯವನು ನಕ್ಕ. ಇನ್ನಿಬ್ಬರು ಗಿರಾಕಿಗಳೂ ನಕ್ಕರು.

"ಬರೋಂಕೋ ಅಲ್ಲಮ್ಮ ಇದು, ಕೈಯಲ್ಲಿ ಹಿಸುಕಿದ್ರೆ ಆಗಲ್ಲ. ಮೆಲ್ಲಗೆ ಒತ್ತಬೇಕು" ಎಂದ ಅಂಗಡಿಯವನು.

ಅವಳು ಹೊದಿಕೆ ಮತ್ತೆ ಸುತ್ತಿದಳು. ಮನೆಯಲ್ಲಿ ಮತ್ತದೇ ಚಕ್ರ, ಅದೇ ಬರಹ. ಗುರುವಾರ ಇಂಟರ್ನೆಟ್ ಕಂಪನಿಗೆ ಫೋನು ಮಾಡಿದರೆ, ಲೈನು ಸರಿಯಾಗಿದೆ, ಟೀವಿಯವರನ್ನೇ ಕೇಳಿ ಎಂದರು. ಟೀವಿಯವನು ಇಂಟರ್ನೆಟ್ಟಿನವರನ್ನು ಕೇಳಿ ಎಂದ. ಪಕ್ಕದ ಮನೆಯ, ಹಜ್ ಮುಗಿಸಿ ಬಂದ ಹಾಜ್ಜಾ ಸಾವುದಾ ಬೇಲಿಯಾಚೆಯಿಂದ, "ನಮ್ಮನೆಗೆ ಬಾರೆ, ಮೊಮ್ಮಕ್ಕಳ ಟೀವಿಲಿ ನೋಡು" ಎಂದು ಕರೆದಳು. ನುರ್ಹಾಯಿದಾ ಹೋಗಲಿಲ್ಲ. ತನ್ನ ಮಗಳನ್ನು ತನ್ನ ಮನೆಯಲ್ಲಿ ಕೂತು ನೋಡಬೇಕೆಂದೇ ಅಲ್ಲವೇ ತಿಂಗಳಿಡೀ ಹೊಗೆ ಕುಡಿದದ್ದು? ತೆನ್ರಿಯ ತಂಡ ಗುರುವಾರ ಗೆದ್ದಿತು, ಶುಕ್ರವಾರವೂ ಗೆದ್ದು ಕೊನೆಯ ಪಂದ್ಯಕ್ಕೆ ಬಂತು. ಎರಡನ್ನೂ ಅಮ್ಮ ಫೋನಲ್ಲಿ ಕೇಳಿದಳು. "ನಿನ್ನ ನೋಡೋಕಾಗ್ಲಿಲ್ಲ ಕಣೇ. ನನ್ನ ಕೈಯೇ ಸರಿಯಿಲ್ಲ ಅಂತಾರೆ" ಎಂದಾಗ ಅವಳ ದನಿ ಒಡೆಯಿತು. ತಾನು ದಡ್ಡಿ ಎಂದು ಅವಳೇ ನಂಬತೊಡಗಿದ್ದಳು.

ಕಂಪನಿಗೆ ಏಳು ಸಲ ಫೋನು ಮಾಡಿ ಜಗಳವಾಡಿದ ಮೇಲೆ ಶನಿವಾರ ಮಧ್ಯಾಹ್ನ ಅವರ ಕಡೆಯಿಂದ ರಿಪೇರಿಗೆ ಮರ್ಲಿನಾ ಬಂದಳು. ಮೂವತ್ತರ ಆಚೀಚಿನ ಹೆಂಗಸು, ಬೆನ್ನಿಗೆ ಸಲಕರಣೆಯ ಚೀಲ, ತಲೆವಸ್ತ್ರದ ಮೇಲೆ ಹೆಲ್ಮೆಟ್ಟು. ಟೀವಿಯನ್ನು ತನ್ನ ಫೋನಿನ ಇಂಟರ್ನೆಟ್ಟಿಗೆ ಸೇರಿಸಿದಳು, ಹಿಡಿಯಿತು. ತನ್ನ ಫೋನನ್ನು ಮನೆಯ ವೈಫೈಗೆ ಸೇರಿಸಿದಳು, ಅದೂ ಹಿಡಿಯಿತು. ಆಮೇಲೆ ಪುಟ್ಟ ಕಂಪ್ಯೂಟರು ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಂಪನಿಯ ಕೀಲಿಪದ ಹಾಕಿ ವೈಫೈ ಪೆಟ್ಟಿಗೆಯ ಒಳಗೆ ಹೊಕ್ಕು ನೋಡಿದಳು.

"ಅಕ್ಕ, ಮನೇಲಿ ಇನ್ಯಾರು ಇರ್ತೀರಿ?"

"ನಾನು, ನಮ್ಮ ಯಜಮಾನರು."

"ಇದನ್ನ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ" ಎಂದಳು ಮರ್ಲಿನಾ. "ಈ ಪೆಟ್ಟಿಗೆಯೊಳಗೆ ಒಂದು ಪಟ್ಟಿ ಇರುತ್ತೆ. ಯಾವುದನ್ನ ಒಳಗೆ ಬಿಡಬಾರದು ಅನ್ನೋ ಪಟ್ಟಿ. ಅದರಲ್ಲಿ ಒಂದೇ ಒಂದು ಹೆಸರಿದೆ. ನಿಮ್ಮ ಟೀವಿದು."

"ತಾನಾಗೇ ಸೇರ್ಕೊಂಡಿರುತ್ತಾ?"

"ಇಲ್ಲಕ್ಕ. ಯಾರಾದ್ರೂ ಕೂತು ಸೇರಿಸ್ಬೇಕು. ಮಂಗಳವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಸೇರಿಸಿದ್ದಾರೆ. ನೀವು ಪಾಸ್‌ವರ್ಡ್ ಎಷ್ಟು ಸಲ ಸರಿಯಾಗಿ ಒತ್ತಿದ್ರೂ ಅಷ್ಟೇ."

ಮಂಗಳವಾರ ಬೆಳಗಿನ ನಮಾಜು ಮುಗಿಸಿ ಕಮರುದ್ದೀನ್ ಹಜಾರದಲ್ಲಿ ಕೂತಿದ್ದ. ಫೋನು ಕೈಯಲ್ಲಿತ್ತು. ಅವಳೇ ಕಾಫಿ ತಂದು ಪಕ್ಕದಲ್ಲಿಟ್ಟಿದ್ದಳು. ಸಕ್ಕರೆ ಸಾಲದು ಎಂದಾಗ ಮತ್ತೆ ಹೋಗಿ ತಂದಿದ್ದಳು. ಅದೆಲ್ಲ ನುರ್ಹಾಯಿದಾಳಿಗೆ ಒಂದೊಂದಾಗಿ ನೆನಪಿಗೆ ಬಂತು. ಅಂಗಡಿಯಲ್ಲಿ ನಗೆಪಾಟಲಾದದ್ದು, ಟೀವಿ ಮಡಿಲಲ್ಲಿಟ್ಟುಕೊಂಡು ಬಿಸಿಲಲ್ಲಿ ಹೋದದ್ದು, ಇವನು ಅರ್ಧ ಗಂಟೆ ರಿಮೋಟ್ ಹಿಡಿದು ನಾಟಕವಾಡಿದ್ದು. ನಾಟಕ ಮುಗಿಸಿ, ನಿನಗೆ ಬರೋ ವಿದ್ಯೆ ಅಲ್ಲ ಎಂದದ್ದು.

"ತೆಗೆದುಬಿಡಮ್ಮ" ಎಂದಳು. "ಆ ಪೆಟ್ಟಿಗೆಯೊಳಗೆ ಹೋಗೋ ಕೀಲಿಪದನೂ ಬದಲಾಯಿಸು. ಹೊಸದನ್ನ ನಾನೇ ಒತ್ತುತೀನಿ. ನೀನು ಆ ಕಡೆ ತಿರುಗು."

ಮರ್ಲಿನಾ ತಿರುಗಿ ಕೂತಳು. ಹೋಗುವಾಗ ಬಾಗಿಲಲ್ಲಿ, "ನಾನು ಹೋದ ಮನೆಗಳಲ್ಲಿ ಇದು ಮೊದಲನೇದಲ್ಲ ಅಕ್ಕ" ಎಂದಷ್ಟೇ ಹೇಳಿದಳು.

ಕಮರುದ್ದೀನ್ ಸಂಜೆ ಬಂದು ಕಾಲು ತೊಳೆದು ಊಟಕ್ಕೆ ಕೂತ. ತಟ್ಟೆ ಇರಲಿಲ್ಲ. ಒಲೆಯೂ ಹೊತ್ತಿರಲಿಲ್ಲ.

"ಊಟಕ್ಕೇನಿದೆ?"

"ಪಟ್ಟಿ ಇದೆ" ಎಂದಳು ನುರ್ಹಾಯಿದಾ. "ಒಳಗೆ ಬಿಡಬಾರದವರ ಪಟ್ಟಿ."

ಅವನಿಗೆ ಅರ್ಥವಾಯಿತು. ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದು. "ನಾನು ನಾಲ್ಕು ಜನರ ಮುಂದೆ ಮಾತು ಆಡಿದೀನಿ. ಅವಳ ಮುಖ ಈ ಮನೇಲಿ ಬೇಡ ಅಂದಿದೀನಿ. ನೀನು ಗೋಡೆ ತುಂಬ ಅವಳನ್ನ ತಂದು ನಿಲ್ಲಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಹಾಗಂತ ನನಗೆ ಹೇಳಬೇಕಿತ್ತು."

"ಹೇಳಿದ್ರೆ ಕೇಳ್ತಿದ್ದೆಯಾ?"

"ಇಲ್ಲ. ಜಗಳ ಆಡ್ತಿದ್ದೆ. ಆ ಜಗಳ ಆಡೋ ಧೈರ್ಯ ನಿಮಗಿರಲಿಲ್ಲ. ಅದಕ್ಕೇ ನನ್ನ ದಡ್ಡಿ ಮಾಡಿದ್ರಿ."

"ನಿನ್ನ ಒಳ್ಳೇದಕ್ಕೂ ಆಯ್ತು ಅಂದ್ಕೋ" ಎಂದ ಅವನು, ದನಿ ಏರಿಸಿ. "ನೋಡಿದ್ರೆ ಅಳ್ತಿದ್ದೆ. ಮಂಡಿಗೆ ಪಟ್ಟಿ ಸುತ್ತಿಕೊಂಡು ಕುಂಟ್ತಾ ಆಡ್ತಾಳೆ. ಗುರುವಾರ ಎರಡನೇ ಸೆಟ್ಟಲ್ಲಿ ಬಿದ್ದು ಏಳೋಕಾಗದೆ ಕೂತಿದ್ಲು. ಅದನ್ನ ನೋಡಬೇಕಿತ್ತಾ ನೀನು?"

ಬಿದ್ದ ಸಂಗತಿ ತೆನ್ರಿ ನುರ್ಹಾಯಿದಾಳಿಗೂ ಹೇಳಿರಲಿಲ್ಲ.

"ಗುರುವಾರ ಅವಳು ಬಿದ್ದದ್ದು ನಿಮಗೆ ಹೇಗೆ ಗೊತ್ತು?"

ಅವನು ನೆಲ ನೋಡಿದ.

"ಕಚೇರಿಲಿ ಕೂತು ನೋಡಿದ್ರಿ. ಶುಕ್ರವಾರದ್ದೂ ನೋಡಿದ್ರಿ, ಅಲ್ವಾ?"

"ಫೋನಲ್ಲಿ ಸುಮ್ಮನೆ ಬಂತು."

"ಸುಮ್ಮನೆ ಬಂತು" ಎಂದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ನೀವು ಎಂದೇ ಕರೆದವಳು. ಅವನು ಮೀನಿನ ತಟ್ಟೆ ಎಸೆದ ದಿನವೂ, ಮಗಳನ್ನು ಹೊರಗೆ ಹಾಕಿದ ದಿನವೂ ಆ ಮಾತು ಜಾರಿರಲಿಲ್ಲ. ಈಗ ಜಾರಿತು. "ನೀನು ನೋಡಿದೆ. ಬಾಗಿಲು ಹಾಕ್ಕೊಂಡು ನನ್ನ ಮಗಳನ್ನ ನೀನೊಬ್ಬನೇ ನೋಡಿದೆ. ಬೇಡ ಅಂದಿದ್ರೆ ನೀನೂ ಬಿಡಬೇಕಿತ್ತು, ಆಗ ಕಲ್ಲು ಮನಸ್ಸು ಅಂತ ಸುಮ್ಮನಾಗ್ತಿದ್ದೆ. ನಿನಗೆ ಬೇಕು, ನನಗೆ ಮಾತ್ರ ಬೇಡ. ನಾನು ಫೋನಲ್ಲಿ ಕಿವಿ ಇಟ್ಟು ಅಳಬೇಕು, ನೀನು ಕಣ್ಣಾರೆ ನೋಡಿ ಬಂದು ನನ್ನ ಮುಂದೆ ಕಾಫಿ ಕುಡೀಬೇಕು."

"ಹೆಂಗಸೇ, ದನಿ ತಗ್ಗಿಸು. ಓಣಿಗೆ ಕೇಳುತ್ತೆ."

"ಕೇಳಲಿ. ನೀನು ಮಾತು ಆಡಿದಾಗಲೂ ಓಣಿಗೆ ಕೇಳಿತ್ತಲ್ಲ."

ಅವನು ಎದ್ದು ಹೊರಗೆ ಹೋದ. ರಾತ್ರಿ ಬಂದು ಹಜಾರದ ಬೆಂಚಿನ ಮೇಲೆ ಮಲಗಿದ. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಅವನ ಮಾತು, ಅವನ ಮರ್ಯಾದೆ, ಅವನ ಕದ್ದ ಪ್ರೀತಿ ಯಾವುದಕ್ಕೂ ಅವತ್ತು ಅವಳೊಳಗೆ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ನುರ್ಹಾಯಿದಾ ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಳು. ಎರಡು ಗಂಟೆಗೆ ಹಾಜ್ಜಾ ಸಾವುದಾ, ಅವಳ ಸೊಸೆಯರು, ಮೀನು ಮಾರುವ ಕಸ್ಮಿಯಾ, ಇನ್ನೂ ನಾಲ್ಕೈದು ಹೆಂಗಸರು ಚಾಪೆ ತುಂಬ ಕೂತರು. ಕಮರುದ್ದೀನ್ ಹೊರಡಲೆಂದು ಅಂಗಿ ಹಾಕಿಕೊಳ್ಳುತ್ತಿದ್ದ.

"ಎಲ್ಲಿಗೆ?" ಎಂದಳು ಅವಳು, ಎಲ್ಲರೂ ಕೇಳುವಂತೆ. "ಕಚೇರಿಗಾ? ಇವತ್ತು ರಜೆ. ನೋಡೋದಿದ್ರೆ ಇಲ್ಲಿ, ಎಲ್ಲರ ಮುಂದೆ ಕೂತು ನೋಡಿ. ಅಲ್ಲಿ ಹೋಗಿ ಕದ್ದು ನೋಡೋದಾದ್ರೆ ರಾತ್ರಿನೂ ಅಲ್ಲೇ ಮಲಗಿ."

ಹೆಂಗಸರೆಲ್ಲ ಟೀವಿಯ ಕಡೆಗೇ ನೋಡುತ್ತಾ ಕೂತರು. ಅವನು ಗುಂಡಿ ಹಾಕಿದ ಅಂಗಿಯಲ್ಲೇ ಹಿಂದಿನ ಗೋಡೆಗೆ ಒರಗಿ ಕುಳಿತ.

ತೆನ್ರಿಯ ಎಡಮಂಡಿಗೆ ದಪ್ಪ ಪಟ್ಟಿ ಇತ್ತು. ಮೊದಲ ಸೆಟ್ಟು ಇವರದು, ಎರಡನೆಯದು ಅವರದು. ಮೂರನೆಯದರಲ್ಲಿ ಅವಳು ಬಲೆಗೆ ಬೆನ್ನು ಹಾಕಿ, ಮೈಯನ್ನು ಗಾಳಿಯಲ್ಲಿ ಮಗುಚಿ ಹೊಡೆದಾಗ ಚಾಪೆಯ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರೆಳೆದರು. "ಅಯ್ಯೋ, ಇದು ನಮ್ಮ ಮಾವಿನ ಮರ ಹತ್ತಿ ಕಾಯಿ ಕದೀತಿದ್ದೋಳಾ?" ಎಂದಳು ಕಸ್ಮಿಯಾ. ಹದಿಮೂರರಲ್ಲಿ ಸಮವಾಗಿದ್ದದ್ದು ಹದಿನೈದು ಹದಿಮೂರಕ್ಕೆ ಹೋಯಿತು. ತೆನ್ರಿಯ ತಂಡ ಸೋತಿತು. ಅವಳು ನೆಲಕ್ಕೆ ಕೂತು ಮಂಡಿ ಹಿಡಿದುಕೊಂಡಳು. ಆಮೇಲೆ ಎದ್ದು ಎದುರಿನವರ ಕೈ ಕುಲುಕಿದಳು.

ಮುಕ್ಕಾಲು ಗಂಟೆ ಬಿಟ್ಟು ಫೋನು ಬಂತು. ಹೆಂಗಸರು ಇನ್ನೂ ಎದ್ದಿರಲಿಲ್ಲ.

"ಅಮ್ಮಾ, ಸೋತುಬಿಟ್ವಿ. ಇವತ್ತಾದ್ರೂ ನೋಡಿದ್ಯಾ?"

"ನೋಡಿದೆ ಕಣೇ. ಓಣಿಯವರೆಲ್ಲ ನೋಡಿದ್ವಿ. ನಿಮ್ಮಪ್ಪನೂ ನೋಡಿದ್ರು."

"ಸುಳ್ಳು ಹೇಳ್ಬೇಡಮ್ಮಾ."

ನುರ್ಹಾಯಿದಾ ಫೋನಿನ ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ, ಚಾಪೆ ದಾಟಿ ಹೋಗಿ ಗಂಡನ ಮುಂದೆ ಹಿಡಿದಳು. ಕೊಡಲಿಲ್ಲ, ಹಿಡಿದಳು ಅಷ್ಟೆ.

ಕಮರುದ್ದೀನ್ ಹೆಂಗಸರ ಮುಖಗಳನ್ನು ನೋಡಿದ. ಸಾವುದಾಳ ಗಂಡನ ಮುಂದೆಯೇ ಅವನು ಅಂದು ಆ ಮಾತು ಆಡಿದ್ದ.

"ನೋಡಿದೆ" ಎಂದ. ಮತ್ತೆ, "ಆ ಮಂಡಿಗೆ ಡಾಕ್ಟರಿಗೆ ತೋರಿಸು. ಗುರುವಾರದಿಂದ ಹಾಗೇ ಆಡ್ತಿದೀಯ."

"ಗುರುವಾರನೂ ನೋಡಿದ್ರಾ?" ಎಂದಿತು ಹುಡುಗಿಯ ದನಿ.

"ಹ್ಞೂಂ."

ತೆನ್ರಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಹೆಂಗಸರು ಒಬ್ಬೊಬ್ಬರೇ ಎದ್ದು ಬಟ್ಟೆ ಕೊಡವಿಕೊಂಡರು. ಸಾವುದಾ ಹೊಸ್ತಿಲಲ್ಲಿ ನುರ್ಹಾಯಿದಾಳ ತೋಳು ಒತ್ತಿ, "ಇನ್ನು ಬಿಟ್ಟುಬಿಡೆ, ಗಂಡಸು ಬಗ್ಗಿದ್ದಾನೆ" ಎಂದಳು.

"ಮಗಳ ವಿಷಯ ಬಿಟ್ಟೆ" ಎಂದಳು ನುರ್ಹಾಯಿದಾ. "ನನ್ನದು ಇನ್ನೂ ಇದೆ. ಐದು ದಿನ ನನ್ನ ಕೈಯನ್ನೇ ನಾನು ಬೈಕೊಂಡಿದೀನಿ."

ಒಳಗೆ ಬಂದಾಗ ಅವನು ಅಲ್ಲೇ ಕೂತಿದ್ದ, ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲದೆ ಅಡುಗೆಮನೆಗೆ ಹೋಗಿ, ಒಂದೇ ತಟ್ಟೆ ತೆಗೆದುಕೊಂಡು, ಅನ್ನ ಮೀನು ಬಡಿಸಿಕೊಂಡು ಉಣ್ಣಲು ಕೂತಳು.