ಇಬ್ಬರಿಗೊಂದೇ ಗುರುತು

ಓದುಗ ಮಹಾಶಯರೇ, ಕಡಲುಗಳ್ಳರ ನಿರ್ಮೂಲನೆಯನ್ನು ಕುರಿತು ಗವರ್ನರರ ಕಡೆಯವರು ಬರೆಸಿದ ವರದಿಗಳು ತಮ್ಮ ಅವಗಾಹನೆಗೆ ಬಂದಿರಬಹುದು. ಅವುಗಳಲ್ಲಿ ಸೇರದೆ ಉಳಿದ ಒಂದು ಸಂಗತಿಯನ್ನು, ಪೋರ್ಟ್ ರಾಯಲ್ ಬಂದರಿನಲ್ಲಿ ಒಂಬತ್ತು ವರ್ಷ ಪೀಪಾಯಿ ಕಟ್ಟಿ ಬಾಳಿದವನಾದ ನಾನು ಇಲ್ಲಿ ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ಪಾಸ್ಕೋ ಟ್ರೆಗಿಯರ್ ಮತ್ತು ಡಚ್ಚರವನಾದ ಕ್ಲಾಸ್ ವರ್ಹೂಫ್ ಹದಿನಾಲ್ಕು ವರ್ಷಗಳ ಜೊತೆಗಾರರು. ಕಡಲುಗಳ್ಳರಲ್ಲಿ ಜೊತೆಗಾರಿಕೆಯೆಂದರೆ ಬರಿಯ ಗೆಳೆತನವಲ್ಲ. ಇಬ್ಬರಿಗೂ ಒಂದೇ ಕಂಬಳಿ, ಒಂದೇ ಬಂದೂಕು. ಹಡಗಿನ ಕರಾರಿನ ಮೇಲೆ ಒಬ್ಬ ಹಾಕಿದ ಗುರುತು ಇಬ್ಬರನ್ನೂ ಕಟ್ಟುತ್ತಿತ್ತು. ಒಬ್ಬ ಸತ್ತರೆ ಇನ್ನೊಬ್ಬನೇ ಹೂಳಬೇಕಿತ್ತು. ಯಾವ ಹಡಗಿನ ನಾಯಕನೂ ಇದನ್ನು ಪ್ರಶ್ನಿಸಿದ್ದಿಲ್ಲ.

ಆ ವರ್ಷ ಊರಲ್ಲಿ ಡಂಗುರ ಹೊಡೆಸಿದರು: ಸೆಪ್ಟೆಂಬರ್ ಮುಗಿಯುವುದರೊಳಗೆ ಶರಣಾದ ಕಡಲುಗಳ್ಳರಿಗೆ ರಾಜರ ಕ್ಷಮೆ, ಉಳಿದವರಿಗೆ ನೇಣು. ಕ್ಲಾಸ್ ಆಗ ದಕ್ಷಿಣದ ಮರಳುದಿಬ್ಬದಲ್ಲಿ, ಆಮೆ ಹಿಡಿಯುವವರ ಗುಡಿಸಲಿನಲ್ಲಿ ಕಾಲು ಬಾತು ಮಲಗಿದ್ದ.

“ದೋಣಿ ಹತ್ತೋಕಾಗಲ್ಲ ಕಣೋ. ನೀನೇ ಹೋಗಿ ನಮ್ಮ ಗುರುತು ಹಾಕ್ಬಿಟ್ಟು ಬಾ.”

“ಕಾಲು ನೋವೋ, ಡಚ್ಚರ ಜಂಭವೋ?” ಎಂದ ಪಾಸ್ಕೋ.

“ಎರಡೂ. ಬರುವಾಗ ರಮ್ ತಾ. ದಾರೀಲೇ ಮುಗಿಸ್ಬೇಡ.”

ಪಾಸ್ಕೋ ಊರಿಗೆ ಬಂದು ಸರದಿಯಲ್ಲಿ ನಿಂತ. ಗವರ್ನರರ ಸಭೆಯ ಮೇಜಿನ ಹಿಂದೆ ಆಂಬ್ರೋಸ್ ಕಿಟ್ಟೋ ಕುಳಿತಿದ್ದ. ಒಂದು ಕಾಲದಲ್ಲಿ ಇವರಿಬ್ಬರ ಹಡಗಿನ ನಾಯಕನಾಗಿದ್ದವನು, ಈಗ ಗವರ್ನರರ ಸಲಹೆಗಾರ. ಪಾಸ್ಕೋ ಹಳೆಯ ಪದ್ಧತಿಯಂತೆ ಒಂದು ಲಂಗರು ಬರೆದು, ಅದರ ಮೇಲೆ ಎರಡು ಗೀಟು ಎಳೆದ.

“ಇದು ನಂಗೂ ಕ್ಲಾಸ್‌ಗೂ,” ಎಂದ.

ಗುಮಾಸ್ತ ತಲೆಯೆತ್ತಲಿಲ್ಲ. “ಆಯ್ತು, ಆಯ್ತು. ಮುಂದಿನವ ಬಾರಯ್ಯ.”

ಕಿಟ್ಟೋ ಆ ಗುರುತನ್ನು ನೋಡಿದ. ನೋಡಿ ಕಿಟಕಿಯತ್ತ ತಿರುಗಿದ.

ಅಕ್ಟೋಬರಿನಲ್ಲಿ ಪಾಸ್ಕೋ ಆಮೆಮಾಂಸ ಮಾರಲು ಊರಿಗೆ ಬಂದಿದ್ದ ದಿನವೇ ಕಡಲುಗಳ್ಳರನ್ನು ಹಿಡಿಯುವ ಗವರ್ನರರ ಹಡಗು ಆ ದಿಬ್ಬಕ್ಕೆ ಹೋಯಿತು. ಕ್ಲಾಸ್ ಓಡಲಿಲ್ಲ. ಕುಂಟುತ್ತಾ ಎದುರು ಬಂದು, ತಮ್ಮಿಬ್ಬರಿಗೂ ಕ್ಷಮೆಯಾಗಿದೆಯೆಂದು ಹೇಳಿ, ಸಿಪಾಯಿಗಳನ್ನು ಊಟಕ್ಕೆ ಕರೆದ. ಅವರು ಕುಳಿತು ಹೊಟ್ಟೆತುಂಬ ಉಂಡರು. ಕೈ ತೊಳೆದ ಮೇಲೆ ಅವನನ್ನು ಕಟ್ಟಿದರು.

ವಿಚಾರಣೆಯ ದಿನ ಪಾಸ್ಕೋ ಜನರನ್ನು ತಳ್ಳಿಕೊಂಡು ಮುಂದೆ ಬಂದ. “ಕ್ಯಾಪ್ಟನ್, ನಿಮ್ಮ ಹಡಗಲ್ಲೇ ಇದೇ ಗುರುತನ್ನ ನಾಲ್ಕು ಸಲ ಒಪ್ಕೊಂಡಿದ್ರಲ್ಲ.”

“ಇಲ್ಲಿ ಕ್ಯಾಪ್ಟನ್ ಅನ್ನೋರು ಯಾರೂ ಇಲ್ಲ,” ಎಂದ ಕಿಟ್ಟೋ. “ಖುದ್ದಾಗಿ ಬಂದವನಿಗೆ ಮಾತ್ರ ಕ್ಷಮೆ.”

“ಹಾಗಾದ್ರೆ ನಂದನ್ನ ಅವನಿಗೆ ಕೊಡಿ. ನಾನು ಹತ್ತೀನಿ ನೇಣುಗಂಬ.”

“ರಾಜರ ಕ್ಷಮೆ ಏನು ಹಳೇ ಅಂಗೀನಾ, ಒಬ್ಬನ ಮೈಯಿಂದ ಬಿಚ್ಚಿ ಇನ್ನೊಬ್ಬನಿಗೆ ತೊಡಿಸೋಕೆ?”

ಸಭೆ ನಕ್ಕಿತು. ಕಿಟ್ಟೋನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಅವು ಸ್ಪೇನಿನವರ ಕೋಟೆಯಲ್ಲಿ ಹಾರಿಹೋದ ದಿನ ಅವನನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದವನು ಕ್ಲಾಸ್. ಆ ಕೈಯೇ ತೀರ್ಪಿಗೆ ರುಜು ಹಾಕುವುದನ್ನು ಪಾಸ್ಕೋ ನೋಡುತ್ತಾ ನಿಂತ.

“ಬಿಡೋ,” ಎಂದ ಕ್ಲಾಸ್, ತನ್ನನ್ನು ಹೊರಗೆ ಎಳೆದೊಯ್ಯುವಾಗ. “ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ.”

ನೇಣಿನ ನಂತರ ಹೆಣಕ್ಕೆ ಡಾಂಬರು ಬಳಿದು, ಕಬ್ಬಿಣದ ಪಟ್ಟಿಗಳಲ್ಲಿ ಬಿಗಿದು, ಬಂದುಹೋಗುವ ಹಡಗುಗಳಿಗೆ ಕಾಣುವಂತೆ ಬಂದರಿನ ಬಾಯಲ್ಲಿ ಕಂಬಕ್ಕೆ ತೂಗುಹಾಕಿದರು.

“ಹೂಳಬೇಕು. ನಾನವನ ಜೊತೆಗಾರ,” ಎಂದು ಪಾಸ್ಕೋ ಕಾವಲಿನವನನ್ನು ಬೇಡಿದ.

“ನಿಂಗೆ ಕ್ಷಮೆ ಸಿಕ್ಕಿದೆಯಲ್ಲ ಮುದುಕಪ್ಪ. ಹೋಗಿ ಸುಖವಾಗಿ ಬದುಕ್ಕೋ.”

ಪಾಸ್ಕೋ ಎಲ್ಲಿಗೂ ಹೋಗಲಿಲ್ಲ. ಕಂಬದ ಬುಡದ ಮರಳಿನ ಮೇಲೆ ಕುಳಿತ.

ಆ ಡಾಂಬರಿನ ಪೀಪಾಯಿ ನನ್ನ ಅಂಗಡಿಯದು. ಯಾತಕ್ಕೆಂದು ಕೇಳದೆ ಕಟ್ಟಿಕೊಟ್ಟಿದ್ದೆ. ಮರುವಾರ ಇನ್ನೂ ಹನ್ನೆರಡು ಪೀಪಾಯಿ ಬೇಕೆಂದು ಸಭೆಯಿಂದ ಆಳು ಬಂದ. ಅವನು ಹೋದ ಮೇಲೆ ಅಂಗಡಿ ಮುಚ್ಚಿ, ಬಾಚಿ, ಉಳಿ, ಸುತ್ತಿಗೆಗಳನ್ನು ಗೋಣಿಗೆ ತುಂಬಿದೆ. ಕಾಂಪೀಚಿ ಎಂಬ ದೂರದ ಕರಾವಳಿಯಲ್ಲಿ ಮರ ಕಡಿಯುವವರ ದೋಣಿ ಹೊರಡುವುದಿತ್ತು. ಹೋಗುವ ದಾರಿಯಲ್ಲಿ ಪಾಸ್ಕೋನನ್ನು ಕರೆದೆ.

“ದೊಡ್ಡ ಗಾಳಿ ಬೀಸಿದ್ರೆ ಪಟ್ಟಿ ಸಡಿಲ ಆಗ್ತವೆ,” ಎಂದ ಅವನು, ಮೇಲೆಯೇ ನೋಡುತ್ತಾ. “ನೀನು ನಡಿ.”

ಗೋಣಿಯನ್ನು ಹೆಗಲಿಗೇರಿಸಿ ನಾನು ನಡೆದೆ.