ಅಶ್ವಗಂಧದ ಮಡಿಗೆ ನೀರು

"ನಿನ್ನ ಹೊಲಕ್ಕ ನೀರು ಬಿಟ್ಟೀನವ್ವಾ, ಇನ್ನ ಚಿಂತಿ ಬಿಡು!"

ಪಕ್ಕದ ಹೊಲದ ರಾಮಚಂದ್ರಪ್ಪ ಫೋನಿನಲ್ಲಿ ಹೀಗೆ ಕೂಗಿದಾಗ ಸಾಯಿಮಾ ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿದ್ದಳು. "ಕಾಕಾ, ಬಂದ್ ಮಾಡ್ರಿ! ಈಗ್ಲೇ ಬಂದ್ ಮಾಡ್ರಿ!" ಎಂದು ಅರಚಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಆ ಕಡೆಯಿಂದ ಹಲೋ ಹಲೋ ಅಂದದ್ದಷ್ಟೇ, ಲೈನ್ ಕಟ್ಟಾಯಿತು. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಫೋನನ್ನು ಬದುವಿನ ಮೇಲಿಟ್ಟು ಸಲಿಕೆ ಹಿಡಿದಿರುತ್ತಾನೆ ಮಹರಾಯ!

ಅವನದೇ ತಪ್ಪು ಎನ್ನುವಂತೆಯೂ ಇಲ್ಲ. ಹುಟ್ಟಿದಾಗಿನಿಂದ ಭತ್ತ ಬೆಳೆದವನು. ಎಲೆ ಹಳದಿಯಾದರೆ ಅವನ ಲೆಕ್ಕದಲ್ಲಿ ಅದು ಬಾಯಾರಿಕೆ. ಅಶ್ವಗಂಧದ್ದು ಬೇರೆಯೇ ಕಥೆ. ಎಲೆ ಹಳದಿಯಾಗಿ ಕಾಯಿ ಕೆಂಪಾದರೆ ಬೇರು ಬಲಿತಿದೆ ಎಂದರ್ಥ, ಆಗ ನೆಲ ಒಣಗಿರಬೇಕು. ಹೋದ ವರ್ಷ ಮಳೆನೀರು ನಿಂತು ಬೇರೆಲ್ಲ ಕೊಳೆತು ನಾರಿತ್ತು. ದಾವಣಗೆರೆಯಲ್ಲಿ ಗಿಡಮೂಲಿಕೆ ಅಂಗಡಿ ನಡೆಸುವ ಅವಳ ಮಾವ ರೌಫ್ ಸಾಹೇಬರು, "ಬೇರು ಮಾರೋದು ನಮ್ಮ ಕೆಲ್ಸ, ಬೆಳೆಯೋದಲ್ಲ. ಇನ್ನೊಂದ್ಸಲ ಕೊಳೀತು ಅಂದ್ರೆ ಹೊಲ ಬಿಟ್ಟು ಮನೇಲಿರು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೇ ಈ ಸಲ ಮಡಿಗಳನ್ನು ಎತ್ತರಿಸಿ, ನಡುವೆ ಬಸಿಗಾಲುವೆ ತೋಡಿಸಿ, ಬಂದಾಗಲೆಲ್ಲ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ತೇವ ನೋಡಿ ಕಾದಿದ್ದಳು. ಕೀಳುವುದಕ್ಕೆ ಇನ್ನೊಂದೇ ವಾರವಿತ್ತು.

ಹರಿಹರದಲ್ಲಿ ಇಳಿದು ಆಟೊ ಹಿಡಿದು ಹೊಲ ಮುಟ್ಟುವಷ್ಟರಲ್ಲಿ ಮಡಿಗಳ ಸಂದಿಯಲ್ಲೆಲ್ಲ ನೀರು. ಓಡಿಹೋಗಿ ನೀರು ಬರುವ ದಾರಿಗೆ ಮಣ್ಣು ಒತ್ತಿದಳು. ಒಳಗೆ ನಿಂತದ್ದು ಮಾತ್ರ ಕದಲಲೊಲ್ಲದು. ತಗ್ಗಿನ ತುದಿಗೆ ಹೋಗಿ ನೋಡಿದರೆ, ಅಯ್ಯೋ ಖುದಾ, ಬಸಿಗಾಲುವೆಯ ಬಾಯಿಯನ್ನೇ ಕಟ್ಟಿಬಿಟ್ಟಿದ್ದಾನೆ! ಅದರ ಕೆಳಗೇ ಅವನ ಸಸಿಮಡಿ. ಮೊಳಕೆ ಭತ್ತ ಚೆಲ್ಲಿದ್ದು ನಿನ್ನೆ, ಇನ್ನೂ ಬೇರು ಕಚ್ಚಿಲ್ಲ. ಕಟ್ಟೆ ಕಡಿದರೆ ನೀರು ನುಗ್ಗಿ ಅಷ್ಟನ್ನೂ ಗುಡಿಸಿಕೊಂಡು ಹೋಗುತ್ತದೆ.

ರಾಮಚಂದ್ರಪ್ಪ ನಗುತ್ತ ಬಂದ. "ಚಾನೆಲ್ ನೀರು ನಮ್ಮಂಥ ಕೊನೇ ಹೊಲಕ್ಕ ಬರೋದು ಅಂದ್ರ ಸುಮ್ನೆ ಏನವ್ವಾ? ಇವತ್ತು ನನ್ನ ಸರದಿ ಇತ್ತು. ನಿನ್ನ ಬೆಳೆ ಒಣಗಿದ್ದು ನೋಡಿ ಕರುಳು ಚುರ್ ಅಂತು, ನಿನಗ ಬಿಟ್ಟೆ. ತಡಿ, ನಮ್ಮಾಕಿ ದುರುಗಮ್ಮ ಗುಡಿಸಲಾಗ ಚಾ ಇಟ್ಟಾಳೆ, ತರ್ತೀನಿ."

ಸಾಯಿಮಾ ಕಟ್ಟೆಯ ಕಡೆಗೇ ನೋಡಿದಳು. ತನ್ನ ಸರದಿಯ ನೀರನ್ನೇ ಬಿಟ್ಟುಕೊಟ್ಟವನಿಗೆ ಇದು ಬೆಳೆಗೆ ವಿಷ ಎಂದು ಹೇಗೆ ಹೇಳುವುದು? ಹೇಳಿದರೂ ಒಪ್ಪಬೇಕಲ್ಲ! ಒಪ್ಪದಿದ್ದರೆ? ಒಂದೊಂದು ಗಳಿಗೆಗೂ ನೀರು ಮಡಿಯೊಳಗೆ ಇಂಗುತ್ತಿತ್ತು. ಅವನು ಗುಡಿಸಲ ಕಡೆ ತಿರುಗಿದ್ದೇ ತಡ, ಅಲ್ಲೇ ಬಿದ್ದಿದ್ದ ಅವನ ಸಲಿಕೆ ಎತ್ತಿಕೊಂಡು ಕಟ್ಟೆಗೆ ಹಾಕಿದಳು ಒಂದೇಟು. ಮತ್ತೊಂದು. ನೀರು ಭೋರೆಂದು ಇಳಿಯಿತು.

ಸಂದಿಗಳು ಬರಿದಾದ ಮೇಲೆ ಒಂದು ಗಿಡ ಕಿತ್ತಳು. ಬೇರು ಗಟ್ಟಿಯಾಗಿತ್ತು. ಮೇಲಿನ ಮಣ್ಣಷ್ಟೇ ಹಸಿ, ಕೆಳಗಿನದು ಇನ್ನೂ ಉದುರು. ಉಳಿಯಿತು! ಖುಷಿಗೆ ಅಳುವೇ ಬಂತು.

ಹಿಂದೆ, ಚಾ ತಂದ ರಾಮಚಂದ್ರಪ್ಪನ ಕೈಯಿಂದ ಲೋಟ ಬಿದ್ದ ಸದ್ದಾಯಿತು. ಅವನ ಜೊತೆ ಬಂದಿದ್ದ ದುರುಗಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗೆ ಧುಮುಕಿ, ತೇಲಿಹೋಗುತ್ತಿದ್ದ ಮೊಳಕೆಗಳನ್ನು ಸೆರಗಿನಲ್ಲಿ ಸೋಸತೊಡಗಿದಳು.

"ಈ ಬೇರಿಗೆ ನೀರು ಆಗಂಗಿಲ್ಲ ಕಾಕಾ, ಕೊಳೀತಾವೆ..." ಸಾಯಿಮಾ ತೊದಲಿದಳು.

ರಾಮಚಂದ್ರಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹಂಗಂತ ಹೇಳಿದ್ರ ನಾನೇ ಬದು ಕಡಿದು ನೀರನ್ನ ಆ ಕಡೆ ಹಳ್ಳಕ್ಕ ತಿರುವಿ ಬಿಡ್ತಿದ್ನಲ್ಲವ್ವಾ" ಎಂದ.

'ನೀವೂ ನನ್ನ ಕೇಳ್ಲಿಲ್ಲ' ಎಂಬ ಮಾತು ಅವಳ ನಾಲಿಗೆ ತುದಿಗೆ ಬಂತು. ಆದರೆ ನಾಚಿಕೆಯಿಂದ ಮುಖ ಸುಡುತ್ತಿತ್ತು. ಕೈಲಿದ್ದ ಬೇರನ್ನು ಬದುವಿನ ಮೇಲಿಟ್ಟು ಚಪ್ಪಲಿ ಬಿಟ್ಟು ಸಸಿಮಡಿಗೆ ಇಳಿಯಹೋದಳು.

ದುರುಗಮ್ಮ ತಲೆ ಎತ್ತಲೇ ಇಲ್ಲ. "ಬ್ಯಾಡ ಬಿಡವ್ವಾ. ನಿನ್ನ ಬೇರು ಉಳೀತಲ್ಲ, ಅದನ್ನ ನೋಡ್ಕ ಹೋಗು" ಎಂದಳು.