ಏಳು ದಿನದ ಗುಡಿಸಲು

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ, ಹೋದ ಅಕ್ಟೋಬರಿನಲ್ಲೇ, ಡಬ್ಲಿನ್ ಎಂಬ ಪಟ್ಟಣದಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ ಇದ್ದರು. ಅಜ್ಜನ ಹೆಸರು ಮಾರಿಸ್, ಅಜ್ಜಿಯ ಹೆಸರು ಎಸ್ಟೆಲ್ಲ. ಯಹೂದಿ ಮನೆತನ. ಮದುವೆಯಾದ ವರ್ಷದಿಂದ ಪ್ರತಿ ಸುಕ್ಕೋತ್ ಹಬ್ಬಕ್ಕೂ ಅಜ್ಜ ಹಿತ್ತಲಲ್ಲಿ ಸೊಪ್ಪಿನ ಗುಡಿಸಲು ಕಟ್ಟುತ್ತಿದ್ದ. ಏಳು ದಿನ ಇಬ್ಬರ ಊಟವೂ ಅದರೊಳಗೇ. ಪಾರ್ಶ್ವವಾಯು ಬಡಿದು ಅಜ್ಜನ ಬಲಗೈ ಸೋತ ಮೇಲೆ ಎರಡು ವರ್ಷ ಗುಡಿಸಲೇಳಲಿಲ್ಲ. "ಈ ಸಲ ನಾನು ಕಟ್ಟಿಕೊಡ್ತೀನಿ" ಎಂದು ಮಾತು ಕೊಟ್ಟವಳು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಶರ್ವಾಣಿ.

ಆ ದಿನ ಸ್ಯಾಂಡಿಫರ್ಡ್‌ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಗೆಳೆಯ ಗಗನ್‌ನನ್ನೂ ಎಳೆದುಕೊಂಡು ಬಂದಳು. ಸೂರ್ಯ ಮುಳುಗಿದರೆ ಹಬ್ಬ ಶುರು. ಆಮೇಲೆ ಒಂದು ಗಂಟನ್ನೂ ಹಾಕುವಂತಿಲ್ಲ. ನಾಲ್ಕು ಗಂಟೆಗೆಲ್ಲ ಕಂಬ ನಿಂತು, ಬಟ್ಟೆಯ ಗೋಡೆ ಎದ್ದು, ಮೇಲೆ ಸೊಪ್ಪು ಹರಡಿತ್ತು. ವಯಸ್ಸಾದವರು ನೆನೆಯಬಾರದೆಂದು ಅವಳು ಅದನ್ನು ದೊಡ್ಡ ಸೇಬಿನ ಮರದ ಕೆಳಗೇ ಕಟ್ಟಿದ್ದಳು. ಅವಳ ಸ್ವಂತ ಅಜ್ಜಿಯ ಕಥೆಗಳಲ್ಲಿ ದೇವರು ಯಾವಾಗಲೂ ಮರದ ಬುಡದಲ್ಲೇ ಸಿಗುತ್ತಿದ್ದ.

ಎಸ್ಟೆಲ್ಲಜ್ಜಿ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಮಾರಿಸಜ್ಜ ತಲೆಯೆತ್ತಿ ಸೇಬಿನ ಕೊಂಬೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ಆ ಇಬ್ಬರ ಇಂಗ್ಲಿಷು ಶರ್ವಾಣಿಯ ಕಿವಿಗೆ ಬೀಳುವಷ್ಟರಲ್ಲಿ ಕನ್ನಡವೇ ಆಗಿಬಿಡುತ್ತಿತ್ತು.

"ಯಾಕಜ್ಜ, ಚೆನ್ನಾಗಿಲ್ವಾ?"

"ಗ್ರ್ಯಾಂಡ್ ಆಗಿದೆ ಮಗಳೇ. ಆದ್ರೆ ನಮಗೂ ಆಕಾಶಕ್ಕೂ ಮಧ್ಯೆ ಕಡಿದು ತಂದ ಸೊಪ್ಪು ಬಿಟ್ರೆ ಇನ್ನೇನೂ ಇರಬಾರದು. ಬೆಳೆಯೋ ಮರದ ಕೆಳಗೆ ಕಟ್ಟಿದ್ದು ಲೆಕ್ಕಕ್ಕಿಲ್ಲ."

"ಅಯ್ಯೋ! ಮಳೆ ಬಂದ್ರೆ?"

"ಬರಲಿ. ಈಜಿಪ್ಟ್ ಬಿಟ್ಟ ನಮ್ಮ ಜನ ಸೂರಿಲ್ಲದ ಮರಳುಗಾಡಲ್ಲಿ ದೇವರ ಹಿಂದೆ ನಡೆದ್ರು. ಅದು ಮದುಮಗಳ ಪ್ರೀತಿ, ನಾನು ಮರೆತಿಲ್ಲ ಅಂತ ಆತ ಪ್ರವಾದಿ ಬಾಯಲ್ಲಿ ಹೇಳಿಸಿದಾನೆ."

"ನಾನೂ ಹಾಗೇ ಬಂದವಳು," ಎಂದರು ಅಜ್ಜಿ. "ಈ ಮಹಾನುಭಾವನ ಹತ್ರ ಆಗ ಇದ್ದದ್ದು ಒಂದು ಸೈಕಲ್. ಅದಕ್ಕೂ ಬ್ರೇಕ್ ಇರ್ಲಿಲ್ಲ."

"ಅದಕ್ಕೇ ನಿನಗೆ ಇಳಿಯೋಕಾಗಲಿಲ್ಲ," ಎಂದ ಅಜ್ಜ.

ಅಜ್ಜಿ ನಕ್ಕರು. ಆದರೆ ಗುಡಿಸಲೊಳಗಿನ ಮೇಜಿನಿಂದ ಎರಡು ತಟ್ಟೆಗಳನ್ನು ಮೆಲ್ಲಗೆ ಎತ್ತಿಕೊಂಡರು. "ಪರವಾಗಿಲ್ಲ ಮಕ್ಕಳೇ, ಈ ವರ್ಷವೂ ಅಡುಗೆಮನೆಯಲ್ಲೇ ಉಣ್ತೀವಿ."

ಆ ತಟ್ಟೆಗಳನ್ನು ನೋಡಿ ಶರ್ವಾಣಿಗೆ ತಡೆಯಲಾಗಲಿಲ್ಲ.

"ಮರಾನೇ ಕಡಿದುಬಿಡೋಣ್ವೇನೇ?" ಎಂದ ಗಗನ್.

"ಮುಚ್ಚೋ ಬಾಯಿ. ಆ ಕಂಬ ಕೀಳು."

ಬಯಲು ಹುಲ್ಲಿನ ಮೇಲೆ ಮತ್ತೆ ಮೊದಲಿಂದ ಶುರುವಾಯಿತು. ತುಂತುರು ಬಂತು, ಹೋಯಿತು. ಹಗ್ಗ ಒದ್ದೆಯಾಗಿ ಗಂಟುಗಳು ಜಾರಿದವು. ಗಗನ್ ಹಲ್ಲಿನಲ್ಲಿ ಕಚ್ಚಿ ಬಿಗಿದ. ಆರೂವರೆಗೆ ಅಜ್ಜಿ ಹಬ್ಬದ ಮೇಣದ ಬತ್ತಿಗಳನ್ನು ಕಿಟಕಿಯ ಬಳಿ ನಿಲ್ಲಿಸಿ, ಬೆಂಕಿಪೊಟ್ಟಣ ಹಿಡಿದು ಪಶ್ಚಿಮದತ್ತ ನೋಡುತ್ತಾ ನಿಂತರು. ಅವರು ದೀಪ ಹಚ್ಚಿದರೆ ಮುಗಿಯಿತು, ಕೆಲಸ ನಿಲ್ಲಬೇಕು.

ಚಾವಣಿಯಲ್ಲಿ ಒಂದು ಮೂಲೆ ಮಾತ್ರ ಬಾಕಿಯಿತ್ತು. ಏಣಿಯ ಮೇಲಿದ್ದ ಶರ್ವಾಣಿ ಸೊಪ್ಪಿಗೆಂದು ಕೆಳಗೆ ಕೈ ಚಾಚಿದಳು. ಗಗನ್ ಕೊಡಲು ಹೊರಟವನು ಹಿಂದೆ ಸರಿದ. ಮಾರಿಸಜ್ಜ ಕುರ್ಚಿಯಲ್ಲೇ ಬಾಗಿ, ಎಡಗೈಯಲ್ಲಿ ಕೊನೆಯ ಕೊಂಬೆಯನ್ನು ಮೇಲೆತ್ತಿ ಹಿಡಿದಿದ್ದ.

ಅವಳು ಅದನ್ನು ಇಸಿದುಕೊಂಡು ಮೂಲೆಯ ಮೇಲೆ ಹಾಸಿದಳು.

"ಹಚ್ಚಿ ಅಜ್ಜಿ," ಎಂದಳು. "ನಿಮ್ಮ ಮನೆ ಆಯ್ತು."